ಮೇಲಿನ ಸಾಲಿನ ಬೇಲ್‌ಗಳು

ಹೊರದೇಶಕ್ಕೆ ಹೋಗಿದ್ದ ರದ್ದಿ ಕಾಗದದ ಕಂಟೇನರ್ ಎರಡು ತಿಂಗಳ ಮೇಲೆ ವಾಪಸು ಬಂತು. ಜೊತೆಗೊಂದು ಪತ್ರ: ಕಾಗದದ ನಡುವೆ ಕೊಳೆತ ಅಡುಗೆಮನೆ ಕಸವಿದೆ, ಮಕ್ಕಳ ಡಯಾಪರ್ ಇದೆ; ಸರಕನ್ನು ಒಪ್ಪಿಕೊಳ್ಳಲಾಗದು; ವಿವರಣೆ ಕೊಡಿ.

ಪತ್ರ ಬಂದದ್ದು ಬಂದರಿನ ಏಜೆನ್ಸಿಯಲ್ಲಿ ಸಾಗಣೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹುಡುಗಿಯ ಮೇಜಿಗೆ. ಫೈಲು ತೆಗೆದು ತಪಾಸಣೆಯ ಸರ್ಟಿಫಿಕೇಟನ್ನು ಎರಡೆರಡು ಸಲ ನೋಡಿದಳು. ‘ಮೂವತ್ತಾರು ಬೇಲ್‌ಗಳನ್ನೂ ಖುದ್ದಾಗಿ ಪರೀಕ್ಷಿಸಿದ್ದೇನೆ’ ಎಂಬ ಸಾಲಿನ ಕೆಳಗಿದ್ದದ್ದು ಅವಳ ಅಪ್ಪನ ಸಹಿ.

ಅಪ್ಪ ಮೂವತ್ತು ವರ್ಷದಿಂದ ಅದೇ ಬಂದರಿನಲ್ಲಿ ತಪಾಸಣೆದಾರರು. ಬೇಲ್ ಎಂದರೆ ಒತ್ತಿ ತಂತಿ ಬಿಗಿದ ಎದೆಯೆತ್ತರದ ಕಾಗದದ ಕಟ್ಟು. ತೇವ ಅಳೆಯುವ ಯಂತ್ರದ ಉದ್ದ ಸೂಜಿಯನ್ನು ಅದರೊಳಕ್ಕೆ ಚುಚ್ಚುವರು, ಮೂಸುವರು, ಅನುಮಾನ ಬಂದರೆ ತಂತಿ ಕತ್ತರಿಸಿಯೇ ನೋಡುವರು. ಹಮಾಲರು ಅವರಿಗೆ ಸೂಜಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಬೀದಿಯ ತರಕಾರಿಯವನಂತೂ ಅವರ ತಲೆ ಕಂಡರೆ ಬದನೆಕಾಯಿಯ ಬುಟ್ಟಿಯನ್ನು ಹಿಂದಕ್ಕೆ ಸರಿಸುತ್ತಿದ್ದ.

ವಾಪಸು ಬಂದ ಕಂಟೇನರನ್ನು ತೆರೆಯುವಾಗ ಸಹಿ ಹಾಕಿದವರು ಎದುರಿಗಿರಬೇಕು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಬಂದು ನಿಂತರು. ಬಾಗಿಲು ತೆರೆದೊಡನೆ ಹಮಾಲರು ಮೂಗು ಮುಚ್ಚಿಕೊಂಡರು. ಒಂದರ ಮೇಲೊಂದರಂತೆ ಎರಡು ಸಾಲು. ಕೆಳಗಿನ ಸಾಲಿನ ಕಾಗದ ಗರಿಗರಿಯಾಗಿಯೇ ಇತ್ತು. ಮೇಲಿನ ಸಾಲಿನಲ್ಲಿ ಏಳು ಬೇಲ್ ಕೊಳೆತು ನಾರುತ್ತಿದ್ದವು.

ಪಕ್ಕದಲ್ಲೇ ನಿಂತಿದ್ದ ಮಗಳು ಆಫೀಸಿಗೆ ಹೋಗಿ ಪಟಪಟನೆ ವಿವರಣೆ ಟೈಪು ಮಾಡಿದಳು. ಹಡಗಿನಲ್ಲಿ ಸಮುದ್ರದ ನೀರು ನುಗ್ಗಿ ಸರಕು ಕೆಟ್ಟಿದೆ ಎಂದು ಬರೆದು, ಹಿಂದೆಯೇ ಬಂದ ಅಪ್ಪನ ಕೈಗಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು.

“ಇಷ್ಟು ನೀಟಾಗಿ ಸುಳ್ಳು ಬರೆಯೋದನ್ನ ಯಾವಾಗ ಕಲಿತೆ, ಪುಟ್ಟಿ?”

“ಸುಮ್ನಿರಿ ಅಪ್ಪ. ಮುಂದಿನ ತಿಂಗಳು ನಿಮ್ಮ ರಿಟೈರ್ಮೆಂಟು. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗ್ಬೇಕಾ?”

“ಅಲ್ಲ ಕಣೇ, ನೀರು ನುಗ್ಗಿದ್ರೆ ಮೊದಲು ನೆನೆಯೋದು ಕೆಳಗಿನ ಸಾಲು. ಇಲ್ಲಿ ಕೆಟ್ಟಿರೋದು ಮೇಲಿನದು. ನೀರೇನು ಏಣಿ ಹತ್ಕೊಂಡು ಹೋಯ್ತಾ? ಅದೂ ಕೈಯಲ್ಲಿ ಡಯಾಪರ್ ಹಿಡ್ಕೊಂಡು?”

ಮಗಳಿಗೆ ತಡೆಯಲಾರದ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

“ಏಣಿ ಹತ್ತಬೇಕಾಗಿದ್ದವನು ನಾನು,” ಎಂದರು ಅಪ್ಪ. “ಅವತ್ತು ಮೊಣಕಾಲು ಮೇಲೇಳಲೇ ಇಲ್ಲ. ಕೆಳಗಿಂದು ನೋಡಿದೆ, ಚೆನ್ನಾಗಿತ್ತು. ಮೇಲಿಂದೂ ಹೀಗೇ ಇರುತ್ತೆ ಅಂತ ಸಹಿ ಹಾಕ್ಬಿಟ್ಟೆ.”

“ನೋವು ಅಂತ ಮನೇಲಿ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನೂ ನಿಮ್ಮಮ್ಮನೂ ಸೇರ್ಕೊಂಡು ನನ್ನ ಮನೇಲೇ ಕೂರಿಸ್ತಿದ್ರಿ.”

“ಕೂರಿಸ್ತಾನೇ ಇದ್ವಿ!”

“ನೋಡಿದ್ಯಾ ಮತ್ತೆ?” ಎಂದವರು ಆ ಹಾಳೆಯನ್ನು ಎರಡಾಗಿ ಹರಿದರು. “ಬರ್ಕೋ, ಹೇಳ್ತೀನಿ.”

ಅಪ್ಪ ಹೇಳಿದರು, ಮಗಳು ಬರೆದಳು. ಕಸ ತುಂಬಿದವರು ಬೇಲ್ ಕಟ್ಟಿದ ಗೋದಾಮಿನವರು. ನೋಡದೆ ಬಿಟ್ಟುಕೊಟ್ಟವನು ನಾನು. ಮೇಲಿನ ಸಾಲನ್ನು ಪರೀಕ್ಷಿಸಿದ್ದೇನೆಂದು ಬರೆದದ್ದು ನನ್ನ ತಪ್ಪು.

“ಮೊಣಕಾಲು ನೋವಿತ್ತು ಅಂತ ಸೇರಿಸ್ಲಾ?”

“ಬೇಡ. ಅದು ಡಾಕ್ಟರಿಗೆ ಹೇಳೋ ವಿಷಯ.”

“ಹಾಗಾದ್ರೆ ನಾಳೆನೇ ಹೇಳಿ. ನಾನೇ ಕರ್ಕೊಂಡು ಹೋಗ್ತೀನಿ.”

ತಾವಾಗಿಯೇ ಸಿಕ್ಕಿಬಿದ್ದ ಅಪ್ಪ ಮಗಳ ಮುಖ ನೋಡಿ, ಆಯಿತೆಂದು ತಲೆಯಾಡಿಸಿ, ಸಹಿ ಹಾಕಿದರು.

ಅದೇ ವಾರ ಇಲಾಖೆ ಅವರ ತಪಾಸಣೆಯ ಮೊಹರನ್ನು ವಾಪಸು ತೆಗೆದುಕೊಂಡು ಮನೆಗೆ ಕಳಿಸಿತು. ಬೀಳ್ಕೊಡುಗೆಯೂ ಇಲ್ಲ, ಹಾರವೂ ಇಲ್ಲ. ಹಮಾಲರಷ್ಟೇ ಗೇಟಿನವರೆಗೆ ಬಂದು ಆಟೋ ಹತ್ತಿಸಿದರು. ಮನೆಗೆ ಬಂದವರು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅಮ್ಮ ತಂದ ಬೀನ್ಸಿನಲ್ಲಿ ಹುಳ ಹುಡುಕಿಕೊಟ್ಟರು. ಮನೆಯವರಿಗೆ ಉಸಿರು ಬಂತು.

ಕೆಟ್ಟ ಬೇಲ್‌ಗಳನ್ನು ತೆಗೆಸಿ, ಉಳಿದವನ್ನು ಬೇರೊಬ್ಬರು ಪರೀಕ್ಷಿಸಿದ ಮೇಲೆ ಕಂಟೇನರ್ ಮತ್ತೆ ಹೊರಟಿತು. ಈ ಸಲ ಸರಕು ಒಪ್ಪಿಗೆಯಾಯಿತು. ‘ಇಂಥ ನೇರ ಉತ್ತರ ನಮಗೆ ಅಪರೂಪ, ಬರೆದವರಿಗೆ ತಿಳಿಸಿ’ ಎಂದು ಆ ಕಡೆಯವರು ಬರೆದಿದ್ದರು. ಮಗಳು ಅದರ ಪ್ರತಿಯನ್ನು ಮನೆಗೆ ತಂದಳು.

ಮೊಣಕಾಲಿನ ಆಪರೇಷನ್ ಆಗಿ ಕಾಲು ಚಾಚಿ ಕೂತಿದ್ದ ಅಪ್ಪ ಪತ್ರವನ್ನು ಎರಡು ಸಲ ಓದಿದರು. ಕಿವಿ ಕೆಂಪಾಯಿತು. “ತಾರೀಖು ತಪ್ಪು ಹಾಕಿದ್ದಾರೆ ನೋಡು,” ಎಂದರು.

ಅಮ್ಮ ಪತ್ರ ಕಿತ್ತುಕೊಂಡಳು. “ಅವರ ತಪ್ಪು ಆಮೇಲೆ ಹುಡುಕೋರಂತೆ. ಈಗ ಏಳಿ, ವರಾಂಡದಲ್ಲಿ ಹತ್ತು ಸುತ್ತು ಬಾಕಿ ಇದೆ.”

ಅಪ್ಪ ಗೊಣಗುತ್ತ ಮಗಳ ಹೆಗಲು ಹಿಡಿದು ಎದ್ದರು.