ಹಬ್ಬದ ಮರುದಿನದ ರೋಟು

"ರೋಷನಬಿ, ಏನೋ ಸುಟ್ಟ ವಾಸನಿ ಬರಾಕತ್ತೈತಲ್ರಿ?" ಎಂದು ಎದುರುಮನೆಯ ಶೀಲಾ ಮೂಗರಳಿಸಿದಾಗ ರೋಷನಬಿಯ ಮಾತು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಒಣ ಖರ್ಜೂರದ ಸಿಹಿ ಹೂರಣ ತುಂಬಿ ಕೆಂಡದಲ್ಲಿ ಬೇಯಿಸುವ ಉತ್ತತ್ತಿ ರೋಟು ಮಾಡುವುದು ಹೇಗೆ ಎಂದಷ್ಟೇ ಶೀಲಾ ಕೇಳಿದ್ದಳು. ರೋಷನಬಿ ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಇಡೀ ಬ್ಯಾಡಗಿಯಲ್ಲಿ ಇಂಥ ರೋಟು ಇನ್ನೊಂದು ಮನೆಯಲ್ಲಿ ಆಗುವುದಿಲ್ಲವಂತೆ. ಮೆಣಸಿನಕಾಯಿ ಪೇಟೆಯ ದೊಡ್ಡ ದೊಡ್ಡ ವ್ಯಾಪಾರಸ್ಥರು ಒಂದು ತುಂಡಿಗಾಗಿ ರಮಜಾನ್ ಹಬ್ಬದ ಮರುದಿನ ಆಳು ಕಳಿಸುತ್ತಾರಂತೆ.

ರೋಷನಬಿ ಒಳಗೆ ಓಡಿ ಇಕ್ಕಳದಿಂದ ಮುಚ್ಚಳ ಎತ್ತಿದಳು. ಮುಚ್ಚಳದ ಮೇಲಿನ ಕೆಂಡಗಳು ಬಳಬಳ ಉರುಳಿದವು. ಪಾತ್ರೆಯೊಳಗೆ ಕೇಸರಿ, ಪಿಸ್ತಾ, ಖೋವಾ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ರೋಟು ರೊಟ್ಟಿ ಬೇಯಿಸುವ ಹಂಚಿನಂತೆ ಕರ್ರಗಾಗಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದಳೇನೋ. ಇವತ್ತು ರಾಣೆಬೆನ್ನೂರಿನಿಂದ ರಸೂಲಬಿ ಬರುವವಳಿದ್ದಳು. ಗಂಡನ ಅಕ್ಕ, ರೋಷನಬಿಯ ಬಾಯಲ್ಲಿ ಆಪಾ. ಪ್ರತಿ ವರ್ಷ ಇದೇ ದಿನ ಬಂದು, ರೋಟು ತಿಂದು, ಬಾಯಿ ಒರೆಸಿಕೊಂಡು ಒಂದೇ ಮಾತು ಹೇಳುವಳು: "ಛಲೋ ಆಗೇತಿ. ಆದ್ರ ಅಮ್ಮಾನ ಕೈ ಬಂದಿಲ್ಲ." ಅತ್ತೆ ತೀರಿಕೊಂಡ ಮೇಲೆ ಈ ಮನೆಗೆ ಸೊಸೆಯಾಗಿ ಬಂದವಳು ರೋಷನಬಿ. ಆ ಕೈಯನ್ನೂ ಕಂಡಿರಲಿಲ್ಲ, ಆ ರುಚಿಯನ್ನೂ ಉಂಡಿರಲಿಲ್ಲ. ಹಾಗಾಗಿ ಒಂದು ವರ್ಷ ಕೇಸರಿ ಹಾಕಿ ನೋಡಿದಳು, ಮತ್ತೊಂದು ವರ್ಷ ಪಿಸ್ತಾ. ರೋಟು ಶ್ರೀಮಂತವಾಗುತ್ತ ಹೋಯಿತು, ರಸೂಲಬಿಯ ಮಾತು ಮಾತ್ರ ಬದಲಾಗಲಿಲ್ಲ. 'ಅಮ್ಮಾನ ಕೈ ಬಂತು' ಎಂಬ ಮಾತನ್ನು ಅವಳ ಬಾಯಿಂದ ಹೊರಡಿಸಬೇಕೆಂಬುದೇ ರೋಷನಬಿಯ ಜೀವಮಾನದ ಹಟವಾಗಿತ್ತು.

"ಅಮ್ಮೀ, ಏಳ್ರಿ. ಇನ್ನೊಂದು ಮಾಡೂಣು," ಎಂದಳು ಸೊಸೆ ಶಬನಮ್. ಮದುವೆಯಾಗಿ ಬಂದು ವರ್ಷವೂ ಆಗಿರದ ಹುಡುಗಿ. ಮುಂಜಾನೆಯಿಂದ ಕೆಂಡ ಊದುತ್ತ ಅತ್ತೆಯ ಕೈ ನೋಡುವುದರ ಆಚೆ ಅವಳಿಗೆ ಯಾವ ಕೆಲಸವೂ ಸಿಕ್ಕಿರಲಿಲ್ಲ.

"ಯಾತರ್ಲೆ ಮಾಡ್ತೀ? ನಿಮ್ಮ ಮಾವ ಆಪಾನ್ನ ಕರಕೊಂಡು ಬರಾಕ ಟೇಶನ್ನಿಗೆ ಹೋಗ್ಯಾರ. ರೈಲು ಬಂತಂದ್ರ ಆಪಾ ಬಂದಂಗ."

"ರೈಲು ಲೇಟ್ ಐತಂತ ಈಗರ ಫೋನ್ ಮಾಡಿದ್ರು. ನೆನಸಿದ ಉತ್ತತ್ತಿ ಇನ್ನಾ ಒಂದು ಬಟ್ಟಲ ಐತಿ. ಒಣ ದ್ರಾಕ್ಷಿ, ಕೊಬ್ಬರಿ ಅದಾವು. ಸಕ್ಕರಿ ನಿನ್ನಿನ ಶೀರಖುರ್ಮಾ ಪಾಯಸಕ್ಕ, ಮುಂಜಾನಿ ರೋಟಿಗೆ ಎಲ್ಲಾ ತೀರೇತಿ. ಬೆಲ್ಲ ಹಾಕ್ಲೇನ್ರಿ?"

"ಬೆಲ್ಲರ ಹಾಕು, ಮಣ್ಣರ ಹಾಕು. ನನ್ನ ಕೇಳಬ್ಯಾಡ," ಎಂದು ರೋಷನಬಿ ಗೋಡೆಯ ಕಡೆ ಮುಖ ತಿರುಗಿಸಿದಳು.

ತಿರುಗಿಸಿದ ಮುಖ ಹೆಚ್ಚು ಹೊತ್ತು ಅಲ್ಲಿರಲಿಲ್ಲ ಬಿಡಿ. ಶಬನಮ್ ರವೆಗೆ ಬಿಸಿ ತುಪ್ಪ ಹಾಕಿ ತಿಕ್ಕಿದ್ದನ್ನು, ಹೂರಣವನ್ನು ಬೆಲ್ಲದೊಂದಿಗೆ ಗಟ್ಟಿಯಾಗುವವರೆಗೆ ಕೈಯಾಡಿಸಿದ್ದನ್ನು, ಪಾತ್ರೆಯಲ್ಲಿ ಕಣಕದ ಕೆಳಗಿನ ಹಾಳೆ ಹಾಸಿ, ಹೂರಣ ಹರವಿ, ಮೇಲಿನ ಹಾಳೆ ಹೊದಿಸಿ ಅಂಚನ್ನು ಬೆರಳಿನಿಂದ ಮಡಚಿದ್ದನ್ನು ಓರೆಗಣ್ಣಿನಲ್ಲೇ ನೋಡಿದಳು. ತಪ್ಪು ಹುಡುಕಿದಳು. ಸಿಗಲಿಲ್ಲ. ಸೊಸೆ ಮುಚ್ಚಳದ ಮೇಲೆ ಕೆಂಡ ಹರವಿ, ರೋಟು ಇಳಿಸುವವರೆಗೆ ಒಲೆಯ ಮುಂದಿನಿಂದ ಏಳಲೇ ಇಲ್ಲ.

ರಸೂಲಬಿ ಬಂದಳು. ಮಂಡಿನೋವಿನ ವರದಿ, ರೈಲಿನ ಮೇಲೆ ಬೈಗುಳ ಎಲ್ಲ ಮುಗಿಸಿ ತಟ್ಟೆ ಕೈಗೆತ್ತಿಕೊಂಡಳು. ಒಂದು ತುಂಡು ಬಾಯಿಗಿಟ್ಟಳು. ಅಗಿಯುತ್ತಿದ್ದವಳು ನಿಲ್ಲಿಸಿದಳು. ಎದುರಿಗೆ ಕುಳಿತ ರೋಷನಬಿ ಅವಳ ಬಾಯನ್ನೇ ನೋಡುತ್ತಿದ್ದಳು.

"ರೋಷನಾ," ಎಂದಳು ರಸೂಲಬಿ, ತಟ್ಟೆಯನ್ನು ಮಡಿಲಿಗಿಳಿಸಿ. "ಇದು ಅಮ್ಮಾನ ಕೈ. ಖರೇ ಹೇಳ್ತೇನಿ, ಅಮ್ಮಾನೇ ಬಂದು ತಿನಿಸಿದಂಗಾತು. ಬೆಲ್ಲ ಹಾಕೀದಿ ಹೌದಲ್ಲೋ? ಆಗ ನಮ್ಮನ್ಯಾಗ ಸಕ್ಕರಿ ಎಲ್ಲಿತ್ತು? ಇಷ್ಟು ವರ್ಷ ಏನೋ ಬ್ಯಾರೆ ಐತಿ ಅನಸತಿತ್ತು, ಏನಂತ ನನಗೂ ತಿಳೀತಿರಲಿಲ್ಲ. ಕಡೀಕೂ ಗೆದ್ದಿ ನೋಡು."

ಅಕ್ಕನ ಪಕ್ಕದಲ್ಲಿದ್ದ ರೋಷನಬಿಯ ಗಂಡ ಮಲಂಗಸಾಬ ಹೆಂಡತಿಯ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಅವನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ. ಎಷ್ಟೋ ವರ್ಷ ಕಾದಿದ್ದ ಮಾತು ರೋಷನಬಿಯ ಮಡಿಲಿಗೆ ತಾನಾಗಿ ಬಂದು ಬಿದ್ದಿತ್ತು. ಸುಮ್ಮನಿದ್ದರೆ ಸಾಕಿತ್ತು.

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಬನಮ್ ಅತ್ತೆಯ ಮುಖ ನೋಡಿದಳು. "ಹೌದ್ರಿ. ಅಮ್ಮೀ ಮುಂಜಾನಿಂದ ಒಲಿ ಮುಂದನ ಇದ್ರು," ಎಂದಳು.

"ಸುಳ್ಳು ಹೇಳಬ್ಯಾಡ," ಎಂದಳು ರೋಷನಬಿ. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಆಪಾ, ನಾ ಮಾಡಿದ್ದು ಹಿತ್ತಲದಾಗ ಬಿದ್ದೈತಿ. ಕೋಳಿ ಸುದ್ದಾ ಮೂಸಿ ನೋಡವಲ್ಲವು. ಇದು ಶಬನಮ್ ಮಾಡಿದ್ದು. ನನ್ನ ಸೊಸಿ."

ಹೇಳುವಾಗ ಹೊಟ್ಟೆ ಉರಿಯಬಹುದು ಎಂದುಕೊಂಡಿದ್ದಳು. ಉರಿಯಲಿಲ್ಲ. ಬದಲಿಗೆ 'ನನ್ನ ಸೊಸಿ' ಎನ್ನುವಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಎದ್ದು ಹೋಗಿ ಹುಡುಗಿಯ ಕೈಯಿಂದ ತಂಬಿಗೆ ಕಸಿದುಕೊಂಡಳು. "ನೀ ಹೋಗಿ ಆಪಾನ ಬಾಜೂಕ ಕುಂದ್ರು. ಚಾ ನಾ ತರ್ತೇನಿ."

"ನೀವ್ಯಾಕ ಅಮ್ಮೀ..."

"ಕುಂದ್ರು ಅಂದೆ."

ಅಡುಗೆಮನೆಯಲ್ಲಿ ಚಹಾ ಕುದಿಯತೊಡಗಿತು. ಹೊರಗೆ ರಸೂಲಬಿ ಹುಡುಗಿಯನ್ನು ತನಿಖೆಗೆ ಹಿಡಿದಿದ್ದಳು: ಎಷ್ಟು ಬೆಲ್ಲ, ಎಷ್ಟು ಹೊತ್ತು ಕೆಂಡ, ಇದನ್ನೆಲ್ಲ ಕಲಿತದ್ದೆಲ್ಲಿ.

"ಇಲ್ಲೇ, ಅಮ್ಮೀ ಮಾಡೂದು ನೋಡಿ ಕಲಿತೇನ್ರಿ," ಎನ್ನುತ್ತಿದ್ದಳು ಶಬನಮ್. ಈ ಸಲ ಅವಳು ಸುಳ್ಳು ಹೇಳುತ್ತಿರಲಿಲ್ಲ.

ರೋಷನಬಿ ಚಹಾ ಸೋಸಿ ಬಟ್ಟಲುಗಳಿಗೆ ಸುರಿದಳು. ನೋಡುವವರು ಯಾರೂ ಇಲ್ಲದ ಅಡುಗೆಮನೆಯಲ್ಲಿ, ಮದುವೆಮನೆಗೆ ಹೊರಟವಳಂತೆ ಸೆರಗನ್ನು ಸರಿಯಾಗಿ ತಲೆತುಂಬ ಹೊದ್ದುಕೊಂಡು, ತಾಟು ಎತ್ತಿ ಹೊರಗೆ ನಡೆದಳು.