ಬಿಸಾಡದ ಕೇಕ್

ರಿಕ್ಷಾ ಯಾಕೆ ನಿಧಾನವಾಯಿತು, ತೆಕ್ಕಟ್ಟೆ ದಾಟಿತೋ ಇಲ್ಲವೋ, ಮುಂದೆ ಮೀನಿನ ಲಾರಿ, ಅದರ ನೀರು ರಸ್ತೆಗೆ ಸುರಿಯುತ್ತಿದೆ, ಆ ನಾತಕ್ಕೂ ಜಿಮ್ಮಿ ಮೂಗು ಎತ್ತಲಿಲ್ಲ, ಮೀನೆಂದರೆ ಪ್ರಾಣ ಬಿಡುವ ನಾಯಿ — ಥೂ, ಎಂಥ ಮಾತು ಬಂತು ನನಗೆ. ತೊಡೆಯ ಮೇಲೆ ಅದರ ನಾಲ್ಕು ಕಾಲೂ ಅದುರುತ್ತಿವೆ, ಎದೆ ಡಬಡಬ ಎಂದು ನನ್ನ ಕೈಗೇ ಹೊಡೆಯುತ್ತಿದೆ, ಸೀರೆಯೆಲ್ಲ ಜೊಲ್ಲು. ಯೋಗೀಶ, ಬೇಗ ಬಿಡ್ ಮಾರಾಯ. ಬಿಡ್ತಾ ಇದ್ದೆ ಅಕ್ಕ, ಲಾರಿ ಸೈಡೇ ಕೊಡ್ತಿಲ್ಲೆ. ಮಧ್ಯಾಹ್ನವೇ ಹೊರಟಿದ್ದರೆ, ಆದರೆ ಪಕ್ಕದ ಮನೆಯ ಪದ್ದು ಬೇಲಿಯಾಚೆಯಿಂದ ಕೂಗಿದಳಲ್ಲ, ಹ್ವಾಯ್ ವೇದಾವತಕ್ಕ, ಜೊಲ್ಲ್ ಕಾಣಿ, ಹುಚ್ಚ್ ಹಿಡ್ದಿತ್ತ್, ಹತ್ರ ಹೋಪ್ಕಾಗ — ನಂಬಿಬಿಟ್ಟೆ, ಹತ್ತಿರ ಹೋಗದೆ ಬಾಗಿಲು ಹಾಕಿ ಒಳಗೆ ಕೂತೆ, ಕಟ್ಟಿದ ತೆಂಗಿನ ಮರಕ್ಕೆ ಅದು ಸುತ್ತು ಹಾಕುತ್ತಿತ್ತು, ವಾಂತಿ ಮಾಡುತ್ತಿತ್ತು, ಒಂದು ಗುಟುಕು ನೀರು ಇಡಲಿಲ್ಲ ನಾನು. ಸಂಜೆ ಮಗಳು ದೀಕ್ಷಿತಾ ಕಾಲೇಜಿನಿಂದ ಬಂದವಳೇ ಕೇಳಿದಳು, ಅಮ್ಮ, ನನ್ ಕೇಕ್ ಎಲ್ಲಿತ್ತ್, ಅದ್ಕೆ ಹಾಕ್ದ್ಯಾ, ಚಾಕಲೇಟ್ ನಾಯಿಗೆ ವಿಷ ಅಮ್ಮ. ಈಗ ಪಕ್ಕದಲ್ಲಿ ಕೂತು ಕುಂದಾಪುರದ ಪ್ರಾಣಿಗಳ ಡಾಕ್ಟರಿಗೆ ಫೋನು ಹಚ್ಚಿದ್ದಾಳೆ, ನನ್ನ ಕಡೆ ತಿರುಗುವುದಿಲ್ಲ.

ಯಾರದೋ ಬರ್ತ್‌ಡೇಗೆ ಮಾಡಿದ ಕೇಕು, ಡಬ್ಬಿಗಟ್ಟಲೆ ಕೋಕೋ ಪುಡಿ ಸುರಿದದ್ದು, ತಳ ಹತ್ತಿತ್ತು, ಬಿಸಾಡ್ ಅಮ್ಮ ಅಂದು ಅಳುತ್ತಾ ಹೋದಳು ಬೆಳಿಗ್ಗೆ. ಬಿಸಾಡುವುದಾ, ನಮ್ಮ ಮನೆಯಲ್ಲಿ ತಿನ್ನುವ ವಸ್ತು ಬಿಸಾಡಿದ್ದುಂಟಾ, ಅಕ್ಕಿ ತೊಳೆದ ನೀರು ಕೂಡ ದನದ ಅಕ್ಕಚ್ಚಿನ ಬಾಲ್ದಿಗೆ, ಉಳಿದದ್ದೆಲ್ಲ ನಾಯಿಗೆ, ಅತ್ತೆ ಕಲಿಸಿದ್ದೇ ಹಾಗೆ, ಪುಡಿ ಮಾಡಿ ಅನ್ನಕ್ಕೆ ಕಲಸಿದೆ, ಮೇಲೆ ಮೀನು ಸಾರು ಹೊಯ್ದೆ, ಅದು ನನ್ನ ಮುಖ ನೋಡಿತು — ಬೇಡ, ಅದು ಬೇಡ. ಅಮ್ಮ, ಎಷ್ಟ್ ತಿಂದಿತ್ತ್ ಅಂತ ಡಾಕ್ಟ್ರ್ ಕೇಂತ್ರ್. ಪೂರ್ತಿ ಮಗಾ. ಅಷ್ಟ್ ಕಹಿ ಕೇಕ್ ಪೂರ್ತಿ ತಿಂತಾ? ಹೇಗೆ ಹೇಳಲಿ, ಮೂಸಿ ಹಿಂದೆ ಸರಿದಿತ್ತು, ನಾನೇ ತಟ್ಟೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದೆ, ತಿನ್, ಅನ್ನಕ್ಕೆ ಸೊಕ್ಕ್ ಮಾಡ್ತ್ಯಾ ಅಂದೆ, ಸೊಂಟಕ್ಕೆ ಕೈ ಕೊಟ್ಟು ನಿಂತೆ, ಅದು ನನ್ನ ಮುಖ ನೋಡಿತು — ರಿಕ್ಷಾ ನಿಂತಿತಾ, ಕಾಲು ಯಾಕೆ ಅದುರುತ್ತಿಲ್ಲ, ಎದೆಯ ಡಬಡಬ ಎಲ್ಲಿ, ಅಮ್ಮ ಅಮ್ಮ ಅಂತ ಯಾರು ಕೂಗುವುದು — ನನ್ನ ಮುಖ ನೋಡಿತು, ಬಾಲ ಆಡಿಸಿತು, ತಲೆ ಬಗ್ಗಿಸಿ ತಿಂದಿತು, ಪ್ರತಿ ತುತ್ತಿಗೂ ತಲೆ ಎತ್ತಿ ನನ್ನ ಮುಖ ನೋಡಿತು, ನನ್ನ ಮುಖ