ಉಪ್ಪುನೀರು ಕುಡಿದ ಅಬ್ಬಲಿಗೆ

ಬಾಡ ಎಂಬ ಊರಿನ ಕಡಲ ದಂಡೆಯಲ್ಲಿ ಮಾಸ್ತಮ್ಮನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು. ಬಂಗಡೆ ಮೀನಿನ ಕಣ್ಣು ನೋಡಿ ಅದು ಯಾವ ಹೊತ್ತಿಗೆ ಬಲೆಗೆ ಬಿದ್ದದ್ದೆಂದು ಹೇಳುವವಳು ಹೂಗಿಡದ ಬಗ್ಗೆ ಸೊಸೆಯನ್ನು ಕೇಳುವುದುಂಟೆ?

ಸೊಸೆ ನಾಗಿ ಶರಾವತಿಯ ಮೇಲ್ದಂಡೆಯವಳು, ಸಿಹಿನೀರಿನ ಹೊಳೆಯಲ್ಲಿ ದೋಣಿ ನಡೆಸುವವರ ಮಗಳು. ಎಪ್ಪತ್ತೆಂಟನೇ ಇಸವಿಯಲ್ಲಿ ಮದುವೆಯಾಗಿ ಬರುವಾಗ ತೌರಿನಿಂದ ಅಬ್ಬಲಿಗೆಯ, ಅಂದರೆ ಕನಕಾಂಬರದ, ಮೂರು ಸಸಿ ತಂದು, ಬಚ್ಚಲ ಹಿಂದೆ ಮಾವಿನ ಮರದ ತಂಪಿನಲ್ಲಿ ನೆಟ್ಟಿದ್ದಳು. ಮನೆಯಲ್ಲಿ ಬಾಯಿ ಬಿಡದವಳು ಆ ಗಿಡಗಳ ಹತ್ತಿರ ಮಾತ್ರ ಮಾತಾಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಮಾಸ್ತಮ್ಮನಿಗೆ ಸಂಕಟ. ಈ ಹುಡುಗಿ ತನ್ನ ಜತೆ ಹಾಗೆ ಮಾತಾಡುವುದು ಯಾವಾಗ?

ಬೇಸಿಗೆಯಲ್ಲಿ ನಾಗಿ ತಂಗಿಯ ಮದುವೆಗೆ ಹೋದಳು. ಅವಳು ಬರುವಷ್ಟರಲ್ಲಿ ಗಿಡ ಮೈತುಂಬ ಹೂ ಬಿಟ್ಟಿರಬೇಕು, ಅವಳು ನಗಬೇಕು ಎಂದು ಮಾಸ್ತಮ್ಮನಿಗೆ ಆಸೆ. ತೆಂಗಿನ ಬುಡಕ್ಕೆ ಹಾಕುವಂತೆಯೇ, ಉಪ್ಪುಮೀನಿನ ಮಡಕೆಯ ತಳದ ನೀರನ್ನು ದಿನಾ ಎರೆದಳು. ಆರನೆಯ ದಿನ ಎಲೆಯ ಅಂಚು ಸುಟ್ಟಂತಾಯಿತು. ಹತ್ತನೆಯ ದಿನ ಮೂರೂ ಗಿಡ ಒಣಗಿ ನಿಂತವು.

"ಕಿತ್ತು ಬಿಸಾಡು, ದನ ತಿಂತು ಅಂತ ಹೇಳು," ಅಂದಳು ನೆರೆಮನೆಯ ಗಣಪಿ. "ಬೇಕಂತ್ಲೇ ಕೊಂದ್ರು ಅಂತ ತಿಳ್ಕಂಡ್ರೆ ಅವ್ಳು ತಿರ್ಗಿ ತೌರಿಗೆ ಹೋಗ್ತಾಳೆ, ನೋಡು."

ಮಾಸ್ತಮ್ಮ ಗಿಡಕ್ಕೆ ಕೈ ಹಾಕಿದಳು. ಕೀಳಲು ಮನಸ್ಸು ಬರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದುಕೊಂಡು ಜಗಲಿಯಲ್ಲಿ ಕೂತಳು.

ಮರುದಿನ ಬಂದ ನಾಗಿ ಗಂಟು ಇಳಿಸಿ ಸೀದಾ ಬಚ್ಚಲ ಹಿಂದಕ್ಕೆ ನಡೆದಳು. ಮಾಸ್ತಮ್ಮ ಬೆನ್ನಿಗೇ ಹೋದಳು.

"ಕೊಂದದ್ದು ನಾನೇ. ಮೀನಿನ ಉಪ್ಪುನೀರು ಹಾಕ್ದೆ. ತೆಂಗಿಗೆ ಆಗೂದು ಇದಕ್ಕೂ ಆಗ್ತದೆ ಅಂದ್ಕಂಡೆ."

ನಾಗಿಯ ಕಣ್ಣು ತುಂಬಿತು. "ನನ್ನ ಒಂದ್ ಮಾತು ಕೇಳೂಕೆ ಎಂತ ಆಗಿತ್ತು ಅತ್ತೆ?"

ಮಾಸ್ತಮ್ಮನ ನಾಲಿಗೆಯ ತುದಿಗೆ ಬಂದ ಜೋರಿನ ಉತ್ತರ ಅಲ್ಲೇ ನಿಂತಿತು. ಮೂವತ್ತು ವರ್ಷ ಕೂಗಿ ಮೀನು ಮಾರಿದವಳು ಒಣಗಿದ ಗಿಡದ ಪಕ್ಕ ಕುಕ್ಕರಿಸಿದಳು.

"ಈಗ ಕೇಳ್ತೆ," ಅಂದಳು. "ಎಂತ ಮಾಡೂದೆ, ನಾಗಿ?"

ನಾಗಿ ಗಿಡದ ಒಣಗಿದ ಹೂತೆನೆಯೊಂದನ್ನು ಮುರಿದು ಅತ್ತೆಯ ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿದಳು. ಪಟ್ ಪಟ್ಟೆಂದು ಕಾಯಿ ಸಿಡಿದು ಬೀಜ ಚೆಲ್ಲಿತು. ಮಾಸ್ತಮ್ಮ ಬೆಚ್ಚಿದ್ದನ್ನು ನೋಡಿ ನಾಗಿಗೆ ಅಳುವಿನ ನಡುವೆಯೂ ನಗು ಬಂತು.

"ಈ ಬೀಜ ಹಾಕೂಕೆ ಮೊದ್ಲು ಇಲ್ಲಿಯ ಮಣ್ಣು ತೆಗೀಬೇಕು," ಎಂದು ಶುರುಮಾಡಿದಳು. ಗದ್ದೆಯ ಮಣ್ಣು, ಕೊಳೆತ ತರಗೆಲೆ, ಸಿಹಿಬಾವಿಯ ನೀರು, ಬಿಸಿಲು ಎಷ್ಟು ಬೀಳಬೇಕು, ಹೂ ಕೀಳುವಾಗ ತೆನೆ ಹೇಗೆ ಉಳಿಸಬೇಕು... ಹೇಳುತ್ತಲೇ ಹೋದಳು. ಮಾಸ್ತಮ್ಮ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.